ಬೆಂಚಿನಿಂದ ಬೆಂಚಿಗೆ ಲಾಲ್‌ಬಾಗ್

ಲಾಲ್‌ಬಾಗ್‌ಗೆ ಹೋಗೋಕೂ ಒಂದು ಪ್ಲಾನ್ ಬೇಕಾ ಅಂತ ನೀವು ನಗಬಹುದು. ಮೆಟ್ರೊ ಹತ್ತು, ಇಳಿ, ಒಳಗೆ ಹೋಗು, ನಾಲ್ಕು ಫೋಟೊ ತೆಗಿ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದು ವಾಪಸ್ ಬಾ. ಬೆಂಗಳೂರಿಗೆ ಬಂದ ಹನ್ನೆರಡು ವರ್ಷದಲ್ಲಿ ನಾನೂ ಹಾಗೇ ಹೋಗಿ ಬಂದವನು. ಈ ಸಲ ಬರೀತಿರೋದು ಅದೇ ತೋಟಕ್ಕೆ ನಾನು ಹಾಕಿದ ಎರಡು ಪ್ಲಾನ್‌ಗಳ ಬಗ್ಗೆ. ಮೊದಲನೆಯದು ಎಕ್ಸೆಲ್ ಶೀಟಲ್ಲಿತ್ತು, ನೋಡೋಕೆ ಭರ್ಜರಿಯಾಗಿತ್ತು. ಅದು ಮುಗಿದಿದ್ದು ಡಾಕ್ಟರ ಕ್ಲಿನಿಕ್ಕಿನಲ್ಲಿ.

ಅಮ್ಮನಿಗೆ ಅರವತ್ತೆರಡು. ಊರು ತಿಪಟೂರಿನ ಹತ್ತಿರ ಒಂದು ಹಳ್ಳಿ. ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು. ಆಮೇಲಿಂದ ಅರ್ಧ ವರ್ಷ ಊರಲ್ಲಿ, ಅರ್ಧ ವರ್ಷ ನಮ್ಮ ಜೊತೆ ರಾಜಾಜಿನಗರದ ಮೂರನೇ ಮಹಡಿಯಲ್ಲಿ. ಮಂಡಿ ನೋವು ಹಳೇದು. ಊರಲ್ಲಿ ತೋಟ, ಕೊಟ್ಟಿಗೆ, ಅಕ್ಕಪಕ್ಕದ ಮನೆ ಅಂತ ದಿನವೆಲ್ಲ ಓಡಾಡ್ತಿದ್ದವರು ಇಲ್ಲಿ ಬಂದರೆ ಬಾಲ್ಕನಿಯ ಕುರ್ಚಿಯಲ್ಲಿ ಕೂತು ಎದುರು ಮನೆ ನೀರಿನ ಟ್ಯಾಂಕ್ ನೋಡ್ತಾರೆ. ಹಾಗಾಗಿ ಹೋದ ವರ್ಷ ಆಗಸ್ಟಿನಲ್ಲಿ ಫಲಪುಷ್ಪ ಪ್ರದರ್ಶನ ಬಂದಾಗ ನನಗೆ ಉತ್ಸಾಹ ಉಕ್ಕಿತು.

ಆ ಶೀಟಿನಲ್ಲಿ ಹನ್ನೊಂದು ಸಾಲು. ಗಾಜಿನ ಮನೆ, ಹೂವಿನ ಗಡಿಯಾರ, ಬೋನ್ಸಾಯ್ ತೋಟ, ಬೂರುಗದ ಮರ, ಎರಡು ಕೋಟಿ ವರ್ಷ ಹಳೆಯ ಕಲ್ಲಾದ ಮರದ ತುಂಡು, ಕೆರೆ, ಬಂಡೆ, ಅದರ ಮೇಲಿನ ಕೆಂಪೇಗೌಡ ಗೋಪುರ, ಹೀಗೆ. ಪ್ರತಿಯೊಂದರ ಎದುರು ಎಷ್ಟು ನಿಮಿಷ, ಮುಂದಿನದಕ್ಕೆ ಎಷ್ಟು ದೂರ. ಪಕ್ಕದಲ್ಲಿ ಹಸಿರು, ಹಳದಿ ಬಣ್ಣ ಬೇರೆ. ಆಫೀಸಲ್ಲಿ ಇದೇ ಶೀಟ್ ತೋರಿಸಿದ್ದರೆ ಮ್ಯಾನೇಜರ್ ಭೇಷ್ ಅಂತಿದ್ದರು.

ಭಾನುವಾರ, ಅದೂ ಪ್ರದರ್ಶನದ ಮಧ್ಯದ ಭಾನುವಾರ. ಹಸಿರು ಮಾರ್ಗದ ಮೆಟ್ರೊದಲ್ಲಿ ನಿಲ್ಲೋಕೂ ಜಾಗ ಇರಲಿಲ್ಲ. ಒಬ್ಬ ಹುಡುಗ ಎದ್ದು ಅಮ್ಮನಿಗೆ ಸೀಟ್ ಕೊಟ್ಟ, ಪುಣ್ಯ ಬರಲಿ ಅವನಿಗೆ. ಲಾಲ್‌ಬಾಗ್ ಸ್ಟೇಷನ್ನಿನಲ್ಲಿ ಇಳಿದು ಪಶ್ಚಿಮ ದ್ವಾರದಿಂದ ಒಳಗೆ ಹೋಗೋ ಹೊತ್ತಿಗೆ ಹನ್ನೊಂದು ಗಂಟೆ. ಗಾಜಿನ ಮನೆಯ ಮುಂದೆ ಸಾಲು. ಸಾಲಲ್ಲಿ ನಿಂತು ನಾನು ಗೈಡ್ ಆಗಿಬಿಟ್ಟೆ. ಇದಕ್ಕೆ ಅಡಿಗಲ್ಲು ಹಾಕಿದ್ದು 1889ರ ನವೆಂಬರ್ 30ಕ್ಕೆ, ಹಾಕಿದ್ದು ಇಂಗ್ಲೆಂಡಿನ ರಾಜಕುಮಾರ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ ಇದು ಅಂತೆಲ್ಲ ಹೇಳ್ತಾ ಇದ್ದೆ. ಅಮ್ಮ "ಹೂಂ" ಅಂದರು. ಮತ್ತೆ "ಹೂಂ" ಅಂದರು. ಮೂರನೇ ಸಲ ನಾನು ತಿರುಗಿ ನೋಡಿದಾಗ ಅಮ್ಮ ಪಕ್ಕದಲ್ಲಿ ಇರಲಿಲ್ಲ. ಹಿಂದೆ ದಾರಿ ಅಂಚಿನ ಕಲ್ಲಿನ ಮೇಲೆ ಕೂತಿದ್ದರು.

"ನೀನು ನೋಡ್ಕೊಂಡು ಬಾರಪ್ಪ. ನಾನು ಇಲ್ಲೇ ಕೂತಿರ್ತೀನಿ."

ನೀರಿನ ಬಾಟಲ್ ಕೊಟ್ಟೆ. ಬೇಡ ಅಂದರು. ಎಳನೀರು? ಬೇಡ. ಜ್ಯೂಸ್? ಬೇಡ. ಬಿಸಿಲಿಗೆ ಮುಖ ಕೆಂಪಾಗಿತ್ತು, ಆದರೂ ಬೇಡ. ನನಗೆ ಸ್ವಲ್ಪ ಸಿಟ್ಟು ಕೂಡ ಬಂತು ಅಂತ ಒಪ್ಪಿಕೊಳ್ಳಬೇಕು. ಇಷ್ಟು ಕಷ್ಟಪಟ್ಟು ಕರ್ಕೊಂಡು ಬಂದ್ರೆ ಹೀಗೆ ಮಾಡ್ತಾರಲ್ಲ ಅಂತ. ಹನ್ನೊಂದರಲ್ಲಿ ಒಂದನ್ನೂ ಪೂರ್ತಿ ನೋಡದೆ ಕ್ಯಾಬ್ ಹಿಡಿದು ಮನೆಗೆ ಬಂದ್ವಿ. ಎರಡನೇ ದಿನ ರಾತ್ರಿ ಅಮ್ಮನಿಗೆ ಚಳಿ ಜ್ವರ, ಉರಿಮೂತ್ರ. ಡಾಕ್ಟರು ಇನ್ಫೆಕ್ಷನ್ ಅಂದರು. ಮಾತ್ರೆ ಬರೆದು, "ನೀರು ಸರಿಯಾಗಿ ಕುಡಿಯಲ್ವಾ?" ಅಂತ ಕೇಳಿದರು. ಅಮ್ಮ ನೆಲ ನೋಡಿದರು.

ವಾಪಸ್ ಬಂದ ಮೇಲೆ ನನ್ನ ಹೆಂಡತಿ ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ ಹೇಳಿದಳು. "ಅತ್ತೆ ಹೊರಗೆ ಹೋಗೋ ದಿನ ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ಕಾಫಿನೂ ಬಿಡ್ತಾರೆ. ಗೊತ್ತಿಲ್ವಾ ನಿಂಗೆ?"

ಗೊತ್ತಿರಲಿಲ್ಲ. ಹೋದ ಕಡೆ ಬಾತ್‌ರೂಮ್ ಎಲ್ಲಿದೆಯೋ, ಅಲ್ಲಿ ಕೂರೋ ಕಮೋಡ್ ಇದೆಯೋ ಇಲ್ಲವೋ, ಮಂಡಿ ಮಡಿಸಿ ಕೂತರೆ ಏಳೋಕಾಗಲ್ಲ, ಮಗನ ಹತ್ತಿರ ಒಂದಕ್ಕೆ ಹೋಗಬೇಕು ಅಂತ ಹೇಗೆ ಹೇಳೋದು. ಅದಕ್ಕೆ ಅಮ್ಮ ಕಂಡುಕೊಂಡ ಪರಿಹಾರ, ಕುಡಿಯದೇ ಇರೋದು. ಮದುವೆಗೆ ಹೋದಾಗ, ಬಸ್ಸಲ್ಲಿ ಊರಿಗೆ ಹೋದಾಗ, ಎಲ್ಲ ಸಲವೂ ಹಾಗೇ ಮಾಡ್ತಿದ್ದರಂತೆ. ಮೂವತ್ತು ವರ್ಷ ಜೊತೆಗಿದ್ದ ನನಗೆ ಗೊತ್ತಾಗದ ಈ ವಿಷಯ, ಮೂರು ವರ್ಷದ ಹಿಂದೆ ಬಂದ ಸೊಸೆಗೆ ಗೊತ್ತಿತ್ತು.

ಅದಾದ ಮೇಲೆ ಅಮ್ಮ ಹೊರಗೆ ಹೋಗೋದನ್ನೇ ಬಿಟ್ಟರು. ದೇವಸ್ಥಾನ? "ಇಲ್ಲೇ ದೀಪ ಹಚ್ತೀನಿ." ಸಿನಿಮಾ? "ನೀವು ಹೋಗಿ ಬನ್ನಿ." ಮಾತಲ್ಲಿ ಬೇಜಾರಿರಲಿಲ್ಲ, ಅದೇ ನನಗೆ ಕಷ್ಟ ಆಗಿದ್ದು. ದೀಪಾವಳಿಗೆ ಊರಿಗೆ ಹೋಗಿ ಸಂಕ್ರಾಂತಿ ಮುಗಿಸಿ ವಾಪಸ್ ಬಂದಾಗ ಮಹಡಿ ಹತ್ತುತ್ತಾ, "ಇನ್ನು ಮೇಲೆ ನಾನು ಅಲ್ಲೇ ಇದ್ದುಬಿಡ್ತೀನಿ ಕಣಪ್ಪ, ನಿಮಗ್ಯಾಕೆ ತೊಂದರೆ" ಅಂದರು. ಊರಲ್ಲಿ ಒಬ್ಬರೇ ಇರೋದು ಅಂದರೆ ಏನು ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಎರಡನೇ ಪ್ಲಾನ್ ಶುರುವಾಗಿದ್ದು ಹಾಗೆ. ಈ ಸಲ ಲ್ಯಾಪ್‌ಟಾಪ್ ತೆಗೆಯೋಕೆ ಮುಂಚೆ ಒಂದು ಪ್ರಶ್ನೆ ಕೇಳಿದೆ, ಮೊದಲ ಸಲ ಕೇಳಬೇಕಾಗಿದ್ದ ಪ್ರಶ್ನೆ. "ಅಮ್ಮ, ಲಾಲ್‌ಬಾಗಲ್ಲಿ ನಿಂಗೆ ಏನು ನೋಡ್ಬೇಕು?"

"ನಂಗೇನಪ್ಪ, ಏನೂ ಬೇಡ."

ಬಿಡಲಿಲ್ಲ. ಅವರೆಕಾಳು ಹಿದುಕುತ್ತಾ ಕೂತಿದ್ದರು, ನಾನೂ ಒಂದು ಹಿಡಿ ತಗೊಂಡು ಪಕ್ಕದಲ್ಲಿ ಕೂತೆ. ಸುಮಾರು ಹೊತ್ತಾದ ಮೇಲೆ, ಕಾಳಿನ ಕಡೆಯೇ ನೋಡ್ತಾ, "ಆ ಬಂಡೆ ಇದೆಯಲ್ಲ, ಅದು" ಅಂದರು.

ಹನ್ನೊಂದರ ಪಟ್ಟಿಯಲ್ಲಿ ಅದಕ್ಕೆ ನಾನು ಕೊಟ್ಟಿದ್ದು ಹತ್ತು ನಿಮಿಷ. ಅದೂ ಕೊನೆಯಲ್ಲಿ, 'ಸಮಯ ಉಳಿದರೆ' ಅಂತ.

ಇಲ್ಲಿ ಸ್ವಲ್ಪ ಭೂಗೋಳ ಹೇಳ್ತೀನಿ, ಹೋಗೋರಿಗೆ ಉಪಯೋಗಕ್ಕೆ ಬರುತ್ತೆ. ಲಾಲ್‌ಬಾಗ್ ಸುಮಾರು 240 ಎಕರೆ. ದಿಕ್ಕಿಗೊಂದರ ಹಾಗೆ ನಾಲ್ಕು ದ್ವಾರ. ನಾವು ಮೆಟ್ರೊ ಪೀಳಿಗೆಯವರು ಯೋಚನೆ ಮಾಡದೆ ಪಶ್ಚಿಮ ದ್ವಾರಕ್ಕೆ ಹೋಗ್ತೀವಿ, ಸ್ಟೇಷನ್ ಆ ಕಡೆ ಇರೋದರಿಂದ. ಗಾಜಿನ ಮನೆ ನೋಡಬೇಕಿದ್ದರೆ ಅದೇ ಸರಿ. ಆದರೆ ಬಂಡೆ ಇರೋದು ಉತ್ತರಕ್ಕೆ, ಡಬಲ್ ರೋಡ್ ಬಂದು ಸೇರೋ ಮುಖ್ಯ ದ್ವಾರದ ಕಡೆ. ಕೆರೆ ಬೇಕಿದ್ದರೆ ದಕ್ಷಿಣ. ಒಂದು ದ್ವಾರದಿಂದ ಒಳಗೆ ಹೋಗಿ ಇನ್ನೊಂದು ಕಡೆಯದನ್ನೆಲ್ಲ ನೋಡ್ತೀನಿ ಅಂದರೆ ಇಪ್ಪತ್ತೈದರ ಕಾಲಿಗೇನೋ ಸರಿ. ಮಂಡಿ ನೋವಿನವರನ್ನ ಕರ್ಕೊಂಡು ಹೋಗೋವಾಗ ಯಾವ ಗೇಟು ಅನ್ನೋದರಲ್ಲೇ ಅರ್ಧ ಪ್ಲಾನ್ ಮುಗೀತು.

ಇನ್ನರ್ಧ, ಅಮ್ಮ ಒಂದು ಸಲಕ್ಕೆ ಎಷ್ಟು ನಡೀತಾರೆ ಅನ್ನೋದು. ಕೇಳಿದರೆ "ಎಷ್ಟು ಬೇಕಾದ್ರೂ ನಡೀತೀನಿ" ಅಂತಾರೆ. ಅದಕ್ಕೆ ಹಾಲು ತರೋಕೆ ಹೋಗುವಾಗ ಹಿಂದೆ ಹಿಂದೆ ಹೋದೆ. ಮನೆಯಿಂದ ನಂದಿನಿ ಬೂತಿಗೆ ಹೋಗೋ ದಾರಿಯಲ್ಲಿ ಇಸ್ತ್ರಿ ಅಂಗಡಿ. ಅಮ್ಮ ದಿನಾ ಅಲ್ಲಿ ನಿಂತು ಇಸ್ತ್ರಿಯವರ ಜೊತೆ ಮಾತಾಡ್ತಾರೆ. ಅಮ್ಮನಿಗೆ ಮಾತು ಇಷ್ಟ, ಊರವರಲ್ಲವಾ ಅಂದುಕೊಂಡಿದ್ದೆ. ಅವತ್ತು ನೋಡಿದೆ, ಅಂಗಡಿ ಕಟ್ಟೆ ಮೇಲೆ ಕೈ ಊರಿ, ಬಲಗಾಲು ಎತ್ತಿ ಹಿಡಿದು ನಿಂತಿದ್ದರು. ಮಾತು ನೆಪ. ಮನೆಯಿಂದ ಆ ಕಟ್ಟೆಗೆ ನೂರ ಎಂಬತ್ತು ಹೆಜ್ಜೆ.

ಮುಂದಿನ ಶನಿವಾರ ಬೆಳಗ್ಗೆ ಆರೂವರೆಗೆ ನಾನೂ ಹೆಂಡತಿಯೂ ಮುಖ್ಯ ದ್ವಾರದಲ್ಲಿದ್ದೆವು. ಅಮ್ಮನಿಗೆ ಹೇಳಿರಲಿಲ್ಲ. ನಾನು ಅಮ್ಮನ ಹೆಜ್ಜೆಯಷ್ಟೇ ಸಣ್ಣ ಹೆಜ್ಜೆ ಇಟ್ಟು ಎಣಿಸ್ತಾ ಹೋದೆ. ಪಕ್ಕದಲ್ಲಿ ಟ್ರ್ಯಾಕ್ ಪ್ಯಾಂಟ್ ಹಾಕಿದ ಹಿರಿಯರು ಕೈ ಬೀಸಿಕೊಂಡು ನನ್ನನ್ನು ದಾಟಿ ಹೋಗ್ತಿದ್ದರು. ಒಬ್ಬರು ನಿಂತು "ಆಪರೇಷನ್ನಾ?" ಅಂತ ಕೇಳಿದರು. ಗೇಟಿನಿಂದ ಮೊದಲ ಬೆಂಚು, ಅಲ್ಲಿಂದ ಮುಂದಿನ ಬೆಂಚು, ಅದರ ಮೇಲೆ ಎಂಟು ಗಂಟೆಗೆ ನೆರಳು ಇರುತ್ತಾ, ಕೂತು ಏಳೋಕೆ ಎತ್ತರ ಸಾಕಾ, ಹಿಡ್ಕೊಳೋಕೆ ಏನಾದರೂ ಇದೆಯಾ. ಒಂದು ಕಡೆ ಎರಡು ಬೆಂಚಿನ ಮಧ್ಯೆ ಮುನ್ನೂರು ದಾಟಿತು, ಆ ದಾರಿ ಬಿಟ್ಟೆ. ಶೌಚಾಲಯ ಹುಡುಕಿದ್ವಿ. ಹೆಂಗಸರ ಕಡೆ ನಾನು ಹೋಗೋ ಹಾಗಿಲ್ಲ. ಹೆಂಡತಿ ಒಳಗೆ ಹೋಗಿ ಬಂದು ಹೆಬ್ಬೆರಳು ಎತ್ತಿ ತೋರಿಸಿದಳು. ಅಷ್ಟು ಸಮಾಧಾನ ನನಗೆ ಪ್ರೊಡಕ್ಷನ್ ರಿಲೀಸ್ ಸರಿಹೋದಾಗಲೂ ಆಗಿಲ್ಲ.

ಒಳಗೆ ಬ್ಯಾಟರಿ ಗಾಡಿಗಳೂ ಓಡಾಡುತ್ತವೆ, ದುಡ್ಡು ಕೊಟ್ಟು ಕೂತು ಸುತ್ತಬಹುದು. ಅಪ್ಪ ಅಮ್ಮನ ಜೊತೆ ಹೋಗೋರು ಅದನ್ನ ಬಳಸಿ. ನಮ್ಮಮ್ಮ ಮಾತ್ರ "ಅದರಲ್ಲಿ ಕೂತ್ರೆ ಕಾಯಿಲೆಯವಳ ಥರ ಕಾಣ್ತೀನಿ" ಅಂತ ಖಂಡಿತ ಅಂತಾರೆ ಅಂತ ಗೊತ್ತಿತ್ತು. ಅಂದರು ಕೂಡ.

ಯಾವಾಗ ಹೋಗೋದು ಅನ್ನೋದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅದನ್ನ ನೂರು ವರ್ಷದ ಹಿಂದೆಯೇ ಒಬ್ಬರು ನಮಗೋಸ್ಕರ ಮಾಡಿಟ್ಟಿದ್ದಾರೆ. ಜರ್ಮನಿಯಿಂದ ಬಂದ ಕ್ರುಂಬಿಗಲ್ 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗ್ ನೋಡಿಕೊಂಡರು. ಪಶ್ಚಿಮ ದ್ವಾರದ ಕಡೆ ಇರೋ ಕ್ರುಂಬಿಗಲ್ ರಸ್ತೆ ಇವರದೇ ಹೆಸರು. ಒಂದು ಜಾತಿಯ ಮರದ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ಊರಲ್ಲಿ ಹೂವಿಲ್ಲದ ತಿಂಗಳೇ ಇರಬಾರದು, ಹಾಗೆ ಲೆಕ್ಕ ಹಾಕಿ ಮರ ನೆಡಿಸಿದವರು ಅವರು. ಚಳಿಗಾಲದಲ್ಲಿ ಗುಲಾಬಿ ಬಣ್ಣದ ಟಬೂಬಿಯಾ, ಅದಾದ ಮೇಲೆ ಹಳದಿಯದು, ಆಮೇಲೆ ನೇರಳೆ ಜಕರಂದ, ಬೇಸಿಗೆಗೆ ಕೆಂಪು ಗುಲ್‌ಮೊಹರ್, ಮಳೆ ಮುಗೀತಿದ್ದಂಗೆ ಆಕಾಶಮಲ್ಲಿಗೆ. ನನ್ನ ಶೀಟು ಒಂದು ಭಾನುವಾರಕ್ಕೂ ಬಾಳಿಕೆ ಬರಲಿಲ್ಲ. ಆ ಮನುಷ್ಯನ ಶೀಟು ಇನ್ನೂ ಓಡ್ತಾ ಇದೆ. ಹಾಗಾಗಿ ಪ್ರದರ್ಶನದ ಜನಜಾತ್ರೆಗೇ ಹೋಗಬೇಕು ಅಂತೇನಿಲ್ಲ. ನೀವು ಯಾವ ತಿಂಗಳು ಹೋದರೂ ಯಾವುದೋ ಒಂದು ಮರ ಕಾದಿರುತ್ತೆ.

ಶಿವರಾತ್ರಿ ಕಳೆದ ಮುಂದಿನ ವಾರ, ಒಂದು ಬುಧವಾರ. ಚಳಿ ಶಿವಶಿವಾ ಅಂತ ಹೋಗಿಯಾಗಿತ್ತು. ರಜಾ ಹಾಕಿದೆ. ಕಾರಣದ ಜಾಗದಲ್ಲಿ 'ಪರ್ಸನಲ್' ಅಂತ ಬರೆದೆ. ಹೊರಡೋಕೆ ಮುಂಚೆ ಅಮ್ಮನ ಮುಂದೆ ಕಾಫಿ ಇಟ್ಟೆ. ಬೇಡ ಅಂದರು. ನಾನು ಶಾಲೆ ಹುಡುಗನ ಥರ ಪಾಠ ಒಪ್ಪಿಸಿದೆ. "ಗೇಟಿಂದ ಸ್ವಲ್ಪ ದೂರದಲ್ಲೇ ಬಾತ್‌ರೂಮ್ ಇದೆ, ಕೂರೋ ಥರದ್ದು, ಅವಳು ಒಳಗೆ ಹೋಗಿ ನೋಡಿ ಬಂದಿದ್ದಾಳೆ. ಕುಡಿ." ಅಮ್ಮ ಸೊಸೆಯ ಮುಖ ನೋಡಿದರು. ಅವಳು ತಲೆ ಆಡಿಸಿದಳು. "ನಿಮಗೆ ಬೇರೆ ಕೆಲಸ ಇರ್ಲಿಲ್ವಾ" ಅಂತ ಬೈದರು. ಬೈದುಕೊಂಡೇ ಲೋಟ ಎತ್ತಿದರು.

ಏಳೂಮುಕ್ಕಾಲಿಗೆ ಒಳಗೆ ಹೋದ್ವಿ. ಮೊದಲ ಬೆಂಚಿನವರೆಗೆ ಅಮ್ಮ ಏನೂ ಮಾತಾಡಲಿಲ್ಲ. ಕೂತ ಮೇಲೆ ಬಾಯಿ ಬಂತು. ಎದುರಿಗಿದ್ದ ಹೊಂಗೆ ಎಳೇ ಹಸಿರಾಗಿ ಚಿಗುರಿತ್ತು. "ನಮ್ಮ ಬೇಲಿ ಹತ್ತಿರದ್ದು ಇನ್ನೂ ಎಲೆ ಉದುರಿಸ್ತಾನೇ ಇತ್ತು, ಇಲ್ಲಿ ಆಗ್ಲೇ ಯುಗಾದಿ ಬಂದ್ಬಿಟ್ಟಿದೆ" ಅಂದರು. ಮರಕ್ಕೆ ಹಾಕಿದ್ದ ಹೆಸರಿನ ಹಲಗೆ ಓದಿಸಿ ಕೇಳಿಕೊಂಡು, "ಹೊಂಗೆ ಅಂತ ಗೊತ್ತಾಗಲ್ವಾ, ಅದಕ್ಕೂ ಬೋರ್ಡ್ ಬೇಕಾ" ಅಂತ ನಕ್ಕರು. ದಾರಿಯಲ್ಲಿ ಉದುರಿ ಬಿದ್ದಿದ್ದ ಹಳದಿ ಹೂ ಒಂದನ್ನ ನಾನು ಎತ್ತಿಕೊಟ್ಟೆ. ಮೂಸಿದರು, ವಾಸನೆ ಇಲ್ಲ ಅಂತ ಬಿಸಾಡಿದರು. ವಾಸನೆ ಇಲ್ಲದ ಹೂವಿಗೆ ನಮ್ಮಮ್ಮ ಮರ್ಯಾದೆ ಕೊಡಲ್ಲ.

ಮೂರನೇ ಬೆಂಚಿನಿಂದ ಬಂಡೆ ಕಾಣುತ್ತೆ. ಅಲ್ಲಿ ಕೂತವರು ಹತ್ತು ನಿಮಿಷ ಏಳಲಿಲ್ಲ. ನಾನು ಮಂಡಿ ನೋವೇನೋ ಅಂದುಕೊಂಡೆ.

"ನಿಮ್ಮಪ್ಪ, ನಾನು ಮದುವೆಯಾದ ವರ್ಷ ಬಂದಿದ್ವಿ. ಮೆಜೆಸ್ಟಿಕ್ಕಿಂದ ಸಿಟಿ ಬಸ್ಸಲ್ಲಿ. ಮಧ್ಯಾಹ್ನ ಹನ್ನೆರಡು ಗಂಟೆ ಬಿಸಿಲು. ಮೇಲೆ ಹತ್ತಿ ಗೋಪುರದ ಹತ್ತಿರ ಹೋಗೋ ಹೊತ್ತಿಗೆ ಅವರ ಚಪ್ಪಲಿ ಉಂಗುಷ್ಠ ಕಿತ್ತುಹೋಯ್ತು. ಇಳಿಯೋವಾಗ ಬರಿಗಾಲು. ಬಂಡೆ ಕಾದ ಹೆಂಚಾಗಿತ್ತು. ಅವರು ಕುಣ್ಕೊಂಡು ಕುಣ್ಕೊಂಡು ಇಳಿದ್ರು. ನಂಗೆ ನಗು ತಡೆಯೋಕಾಗಲಿಲ್ಲ. ಹೊಸ ಮದುವಣಗಿತ್ತಿ ಹಾಗೆಲ್ಲ ನಗಬಾರದಲ್ಲ. ಮೆಜೆಸ್ಟಿಕ್ ಬರೋವರೆಗೂ ಮಾತಾಡಲಿಲ್ಲ ನನ್ನ ಹತ್ತಿರ."

ಅಪ್ಪ ಕುಣಿದಿದ್ದನ್ನ ನಾನು ಜೀವಮಾನದಲ್ಲಿ ನೋಡಿಲ್ಲ. ಹಬ್ಬಕ್ಕೆ ಹೊಸ ಬಟ್ಟೆ ಹಾಕಿಕೊಂಡರೂ ಮುಜುಗರ ಪಡ್ತಿದ್ದ ಮನುಷ್ಯ. ಈ ಕಥೆ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಬಂಡೆಯ ಬುಡದಲ್ಲಿ ಒಂದು ಫಲಕ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಈ ಬಂಡೆಯನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ. ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದು. ನಾನು ಮತ್ತೆ ಗೈಡ್ ಆದೆ, ತಡೆಯೋಕಾಗಲಿಲ್ಲ.

"ಯಾರು ಎಣಿಸಿದ್ರು?" ಅಂದರು ಅಮ್ಮ.

ಒಳ್ಳೆ ಪ್ರಶ್ನೆ. ಇಂಥ ಕಲ್ಲಿನೊಳಗಿನ ಸಣ್ಣ ಸಣ್ಣ ಹರಳುಗಳಲ್ಲಿ ಯುರೇನಿಯಂ ಇರುತ್ತೆ, ಅದು ಒಂದೇ ವೇಗದಲ್ಲಿ ನಿಧಾನವಾಗಿ ಸೀಸ ಆಗ್ತಾ ಹೋಗುತ್ತೆ, ಎಷ್ಟು ಸೀಸ ಆಗಿದೆ ಅಂತ ನೋಡಿ ವಯಸ್ಸು ಹೇಳ್ತಾರೆ. ಇದನ್ನ ಹೀಗೆ ಹೇಳಿದರೆ ಮತ್ತೆ "ಹೂಂ" ಬರುತ್ತೆ. "ನೀನು ಮೊಸರಿನ ಪಾತ್ರೆ ನೋಡಿ ಹೆಪ್ಪು ಹಾಕಿ ಎಷ್ಟು ಹೊತ್ತಾಯ್ತು ಅಂತ ಹೇಳ್ತೀಯಲ್ಲ, ಹಾಗೆ" ಅಂದೆ. ಅಮ್ಮ ಬಂಡೆ ಕಡೆ ನೋಡಿದರು. "ಹಾಗಾದ್ರೆ ಚೆನ್ನಾಗೇ ಹೆಪ್ಪಾಗಿದೆ."

ಮೇಲೆ ಹತ್ತೋದು ನನ್ನ ಪ್ಲಾನಿನಲ್ಲಿ ಇರಲಿಲ್ಲ. ದೂರದಿಂದ ನೋಡೋದು, ಬುಡ ಮುಟ್ಟೋದು, ವಾಪಸ್. ಗೋಪುರದವರೆಗೆ ಏರು ಅಂಥ ಕಡಿದಲ್ಲ, ಮಕ್ಕಳು ಓಡ್ತಾರೆ, ಆದರೆ ಹಿಡ್ಕೊಳೋಕೆ ಏನೂ ಇಲ್ಲ, ಇಳಿಯೋವಾಗ ಭಾರವೆಲ್ಲ ಮಂಡಿ ಮೇಲೆ ಬೀಳುತ್ತೆ. ಅಮ್ಮ ಚಪ್ಪಲಿ ಬಿಟ್ಟರು. ನಾನು ಬೇಡ ಅಂದೆ. ಹೆಂಡತಿ ನನ್ನ ಕೈ ಹಿಂಡಿದಳು. ಅಮ್ಮ ಅವಳ ಭುಜ ಹಿಡಿದು ಹತ್ತಿದರು. ನಾನು ಹಿಂದೆ ಎರಡೂ ಕೈ ಚಾಚಿಕೊಂಡು, ಹೆಜ್ಜೆ ಎಣಿಸ್ತಾ. ಇಪ್ಪತ್ತೆರಡು ಹೆಜ್ಜೆ. ಗೋಪುರ ಇನ್ನೂ ದೂರ ಇತ್ತು. "ಸಾಕು" ಅಂತ ಅಲ್ಲೇ ಕೂತರು. ಬೆಳಗಿನ ಹೊತ್ತು, ಬಂಡೆ ತಣ್ಣಗಿತ್ತು. ಅಂಗಾಲು ಊರಿ ಕೂತು, ಸೀರೆ ಸರಿ ಮಾಡಿಕೊಂಡು, "ಇವತ್ತು ಬಂದಿದ್ರೆ ಕುಣೀತಾ ಇರ್ಲಿಲ್ಲ" ಅಂದರು.

ನಾವು ಮೂವರೂ ಮಾತಿಲ್ಲದೆ ಸುಮಾರು ಹೊತ್ತು ಕೂತಿದ್ದೆವು. ಫೋನ್ ಎರಡು ಸಲ ನಡುಗಿತು, ಆಫೀಸಿನದು. ತೆಗೆಯಲಿಲ್ಲ.

ಇಳಿಯೋದು ಕಷ್ಟ ಆಯ್ತು. ಅಡ್ಡಡ್ಡ ಹೆಜ್ಜೆ ಇಟ್ಟು, ಒಂದು ಕಡೆ ನಾನು, ಒಂದು ಕಡೆ ಅವಳು. ಕೆಳಗೆ ಬಂದು ಚಪ್ಪಲಿ ಮೆಟ್ಟಿಕೊಂಡು ಅಮ್ಮ ಬ್ಯಾಗಿನಿಂದ ನೀರಿನ ಬಾಟಲ್ ತೆಗೆದು ಗಟಗಟ ಅರ್ಧ ಕುಡಿದರು. ಮುಚ್ಚಳ ಹಾಕ್ತಾ, ಮಾಮೂಲಿ ದನಿಯಲ್ಲಿ, ನನ್ನನ್ನೇ ನೋಡಿ ಕೇಳಿದರು. "ಆ ಬಾತ್‌ರೂಮ್ ಯಾವ ಕಡೆ ಅಂದೆ?"

ಆಮೇಲೆ ಗೇಟಿನ ಹೊರಗೆ ಎಂ.ಟಿ.ಆರ್.ಗೆ ಹೋದ್ವಿ, ಆಟೋದಲ್ಲಿ. 1924ರಿಂದ ಇರೋ ಜಾಗ, ಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಹುಟ್ಟಿದ್ದು ಅಲ್ಲೇ ಅಂತಾರೆ. ವಾರದ ದಿನ ಆದ್ದರಿಂದ ಹೆಚ್ಚು ಕಾಯಬೇಕಾಗಲಿಲ್ಲ. ಸೋಮವಾರ ಮಾತ್ರ ಹೋಗಬೇಡಿ, ರಜೆ. ಅಮ್ಮ ರವೆ ಇಡ್ಲಿಯನ್ನ ಒಪ್ಪಿದರು, ತುಪ್ಪವನ್ನ ಒಪ್ಪಿದರು, ಬಿಲ್ಲನ್ನ ಒಪ್ಪಲಿಲ್ಲ.

ಎಲ್ಲ ಸರಿಹೋಯ್ತು ಅಂತ ಬರೆದರೆ ಸುಳ್ಳಾಗುತ್ತೆ. ಸಾಯಂಕಾಲ ಬಲ ಮಂಡಿ ಊದಿಕೊಂಡಿತ್ತು. ಆ ಇಪ್ಪತ್ತೆರಡು ಹೆಜ್ಜೆಯ ಬೆಲೆ. ಎರಡು ದಿನ ಹಾಲಿಗೆ ನಾನೇ ಹೋದೆ. ಹತ್ತೋಕೆ ಬಿಟ್ಟಿದ್ದು ತಪ್ಪಾ ಸರೀನಾ ಅಂತ ನನಗೂ ಹೆಂಡತಿಗೂ ಇನ್ನೂ ಚರ್ಚೆ ಇದೆ. ಊರಿಗೆ ಹೋಗಿ ಅಲ್ಲೇ ಇದ್ದುಬಿಡೋ ಮಾತು ಪೂರ್ತಿ ನಿಂತಿದೆ ಅಂತಲೂ ಹೇಳಲಾರೆ, ಆ ವಾರ ಬರಲಿಲ್ಲ ಅಷ್ಟೆ.

ಮಂಡಿಗೆ ಎಣ್ಣೆ ಹಚ್ಚಿಕೊಂಡು, ಕಾಲು ಸ್ಟೂಲ್ ಮೇಲೆ ಇಟ್ಟುಕೊಂಡು, ಅಮ್ಮ ತಿಪಟೂರಿನ ಚಿಕ್ಕಮ್ಮನಿಗೆ ಫೋನ್ ಮಾಡಿದ್ದರು. ನಾನು ಪಕ್ಕದ ರೂಮಿನಲ್ಲಿ ಬೆಳಗ್ಗೆ ಬಿಟ್ಟ ಮೇಲ್‌ಗಳಿಗೆ ಉತ್ತರ ಬರೀತಿದ್ದೆ.

"ಇಲ್ಲ ಕಣೆ, ಗಾಜಿನ ಮನೆ ನೋಡ್ಲಿಲ್ಲ. ಅದಕ್ಕೆ ವೆಸ್ಟ್ ಗೇಟಲ್ಲಿ ಹೋಗ್ಬೇಕು. ನಾವು ಹೋಗಿದ್ದು ಮೇನ್ ಗೇಟು. ಒಂದೊಂದಕ್ಕೆ ಒಂದೊಂದು ಗೇಟು, ನಿಂಗೆ ಗೊತ್ತಾಗಲ್ಲ ಬಿಡು. ಯುಗಾದಿ ಕಳೀಲಿ, ನೀನು ಬಾ, ನಾನು ಕರ್ಕೊಂಡು ಹೋಗ್ತೀನಿ... ಅಯ್ಯೋ, ಅದಕ್ಕೆಲ್ಲ ಹೆದರ್ಕೋಬೇಡ್ವೆ. ನೀರು ಕುಡ್ಕೊಂಡೇ ಬಾ. ಎಲ್ಲಿದೆ ಅಂತ ನಂಗೆ ಗೊತ್ತು."